ಮೂಲರೂಪ ಯಾವುದು? ಹಳೆಯ ವಾಹನಗಳ ಕುರಿತು ಒಂದು ತಕರಾರು

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಮೋಟಾರು ಗಾಡಿಗಳ ಮಾತೇಕೆ ಎಂದು ಹುಬ್ಬೇರಿಸುವವರು ಇರಬಹುದು. ಓಲೆಗರಿ, ಶಾಸನ, ಯಕ್ಷಗಾನ ಪ್ರಸಂಗ, ಊರಿನ ಹೆಸರು ಇವುಗಳ ಮೂಲರೂಪ ಉಳಿಯಬೇಕೆಂದು ನಾವು ಕಾಸರಗೋಡಿನ ಕನ್ನಡಿಗರು ವೇದಿಕೆ ಸಿಕ್ಕಿದಲ್ಲೆಲ್ಲ ಹೇಳುತ್ತ ಬಂದಿದ್ದೇವೆ. ಮಂಜೇಶ್ವರ, ಕುಂಬಳೆ, ಮಧೂರು ಎಂಬ ಹೆಸರುಗಳ ಕೊನೆಗೆ ಒಂದಕ್ಷರ ಅಂಟಿಕೊಂಡರೂ ನಮಗೆ ನೋವಾಗುತ್ತದೆ, ಆಗಲೇಬೇಕು. ಆದರೆ ಅದೇ ನಾವು, ಅಂಗಳದ ಬದಿಯ ಶೆಡ್ಡಿನಲ್ಲಿ ಐವತ್ತು ವರ್ಷಗಳಿಂದ ನಿಂತ ಜೀಪನ್ನು ಮಗನೋ ಅಳಿಯನೋ ಗ್ಯಾರೇಜಿಗೆ ಒಯ್ದು ಕತ್ತರಿಸಿ, ಬಣ್ಣ ಬಳಿದು ತಂದಾಗ ‘ಚಂದ ಆಗಿದೆ’ ಎಂದುಬಿಡುತ್ತೇವೆ. ಹೆಸರಿನ ಒಂದಕ್ಷರಕ್ಕೆ ಮರುಗುವ ಮನಸ್ಸು ಅಜ್ಜನ ವಾಹನದ ಅರ್ಧ ಮೈ ಗುಜರಿಗೆ ಹೋದಾಗ ಏಕೆ ಮರುಗುವುದಿಲ್ಲ? ಈ ಪ್ರಶ್ನೆಯನ್ನು ಸಮ್ಮೇಳನದ ಮುಂದಿಡಲು ನಾವು ಇಚ್ಛಿಸುತ್ತೇವೆ.

ನಮ್ಮ ನಿಲುವನ್ನು ಮೊದಲೇ ಸ್ಪಷ್ಟಪಡಿಸುತ್ತೇವೆ. ತಲೆಮಾರು ದಾಟಿ ಕೈಗೆ ಬಂದ ವಾಹನವನ್ನು, ಅದು ಕೈಗೆ ಬಂದ ರೂಪದಲ್ಲಿಯೇ ಮುಂದಿನವರಿಗೆ ದಾಟಿಸುವುದು ಅದರ ಒಡೆಯನ ಧರ್ಮ. ಷೋಕಿಗಾಗಿ ಅದನ್ನು ಕತ್ತರಿಸುವುದು ತಪ್ಪು. ಹೊಸದರಂತೆ ಕಾಣಲೆಂದು ಅದರ ಬದುಕಿನ ಗುರುತುಗಳನ್ನು ಕೆರೆದು ತೆಗೆಯುವುದೂ ಅಷ್ಟೇ ತಪ್ಪು. ಮೊದಲನೆಯ ತಪ್ಪನ್ನು ತರುಣರು ಮಾಡುತ್ತಾರೆ, ಎಲ್ಲರೂ ಅವರನ್ನು ಬೈಯುತ್ತಾರೆ. ಎರಡನೆಯ ತಪ್ಪನ್ನು ಹಿರಿಯರೂ ಹಣವುಳ್ಳವರೂ ಮಾಡುತ್ತಾರೆ, ಅವರಿಗೆ ಪ್ರದರ್ಶನಗಳಲ್ಲಿ ಬಹುಮಾನ ಸಿಗುತ್ತದೆ. ನಮ್ಮ ತಕರಾರು ಇಬ್ಬರ ಮೇಲೆಯೂ ಇದೆ.

ಈ ನೆಲದಲ್ಲಿ ಹಳೆಯ ವಾಹನವೆಂದರೆ ಅರಮನೆಯ ಸೊತ್ತು ಎಂದು ತಿಳಿಯಬಾರದು. ರಾಜಮಹಾರಾಜರ ಕಾಲದ ಕಾರುಗಳನ್ನು ನೋಡಬೇಕೆಂದರೆ ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯಕ್ಕೆ ಹೋಗುತ್ತೇವೆ, ನೋಡಿ ಸಂತೋಷಪಡುತ್ತೇವೆ. ನಮ್ಮ ಮನೆಗಳಲ್ಲಿ ಇದ್ದುದು ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಮಹೀಂದ್ರ ಜೀಪು. ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಬಂದಡ್ಕಗಳ ಒಳಗಿನ ಗುಡ್ಡದಾರಿಗಳಲ್ಲಿ ಬಸ್ಸು ತಲುಪದ ಕಡೆಗೆ ತಲುಪಿದ್ದು ಸರ್ವೀಸ್ ಜೀಪು. ಅಡಿಕೆಯ ಮೂಟೆ ಹೇರಿಕೊಂಡು ಪೇಟೆಗೆ ಇಳಿದದ್ದು ಅದೇ, ನಡುರಾತ್ರಿಯಲ್ಲಿ ಹೆರಿಗೆಯ ನೋವಿನವಳನ್ನು ಮಂಗಳೂರಿನ ಆಸ್ಪತ್ರೆಗೆ ಒಯ್ದದ್ದೂ ಅದೇ. ತಾಳಮದ್ದಳೆಯ ಅರ್ಥಧಾರಿಗಳನ್ನು ಸಂಜೆ ಕರೆತಂದು ಬೆಳಗಿನ ಜಾವ ಮನೆಗೆ ಮುಟ್ಟಿಸಿದ ಅಂಬಾಸಿಡರುಗಳಿಗೆ ಈ ನಾಡಿನ ಸಾಹಿತ್ಯ ಚರಿತ್ರೆಯಲ್ಲಿ ಒಂದು ಅಡಿಟಿಪ್ಪಣಿಯಾದರೂ ಸಲ್ಲಬೇಕು.

ಈಗ ಇವುಗಳಿಗೆ ಆಗುತ್ತಿರುವುದನ್ನು ನೋಡೋಣ. ಜೀಪಿನ ಮೈಯನ್ನು ನಡುವೆ ಕತ್ತರಿಸಿ ಗಿಡ್ಡ ಮಾಡುತ್ತಾರೆ. ಮೂಲ ಚಕ್ರಗಳನ್ನು ಬಿಚ್ಚಿ, ಮಡ್‌ಗಾರ್ಡನ್ನು ಕೊರೆದು, ಟ್ರ್ಯಾಕ್ಟರಿನದನ್ನು ಹೋಲುವ ಚಕ್ರಗಳನ್ನು ತುರುಕುತ್ತಾರೆ. ಅಂಬಾಸಿಡರಿನ ಡ್ಯಾಷ್‌ಬೋರ್ಡನ್ನು ಕಿತ್ತು ಧ್ವನಿಪೆಟ್ಟಿಗೆಗಳನ್ನು ಕೂರಿಸುತ್ತಾರೆ. ಕಿತ್ತ ತಗಡು ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋಗುತ್ತದೆ. ಎರಡು ಓಣಂ ಕಳೆಯುವಷ್ಟರಲ್ಲಿ ಹುಮ್ಮಸ್ಸು ಇಳಿದು, ಅದೇ ವಾಹನ ಮತ್ತೆ ಶೆಡ್ಡಿನ ಮೂಲೆ ಸೇರುತ್ತದೆ. ಆಗ ಅದು ಹಳೆಯದೂ ಅಲ್ಲ, ಹೊಸದೂ ಅಲ್ಲ.

ಇದನ್ನು ಸಮರ್ಥಿಸುವವರ ವಾದಗಳನ್ನು ನಾವು ಗೌರವದಿಂದಲೇ ಕೇಳಿದ್ದೇವೆ. ಅವು ಮುಖ್ಯವಾಗಿ ನಾಲ್ಕು.

‘ವಾಹನ ನನ್ನದು, ನಾನು ಏನೂ ಮಾಡಬಹುದು’ ಎಂಬುದು ಮೊದಲನೆಯದು. ಕಾಯಿದೆಯೇ ಇದನ್ನು ಒಪ್ಪುವುದಿಲ್ಲ. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಿಗದಿಪಡಿಸಿದ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿ ಹೇಳುತ್ತದೆ. ಇದನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟಿನ 2019ರ ಜನವರಿಯ ತೀರ್ಪು ನಮ್ಮ ಕೇರಳ ರಾಜ್ಯದಿಂದಲೇ ಹೋದ ಮೊಕದ್ದಮೆಯಲ್ಲಿ ಬಂದುದು. ಆದರೆ ಕಾಯಿದೆಯ ಭಯದಿಂದ ಉಳಿದ ಪರಂಪರೆ ಪರಂಪರೆಯೇ ಅಲ್ಲ. ಅಜ್ಜನ ಕಾಲದ ಓಲೆಗರಿಯ ಕಟ್ಟು ಕೂಡ ಕಾಯಿದೆಯ ಪ್ರಕಾರ ಮೊಮ್ಮಗನ ಸೊತ್ತೇ. ಒಲೆಗೆ ಹಾಕಿದರೆ ಪೋಲೀಸರು ಬರಲಾರರು. ಆದರೂ ಹಾಗೆ ಮಾಡಿದವನನ್ನು ನಾವು ಏನೆಂದು ಕರೆಯುತ್ತೇವೆ?

‘ಬಿಡಿಭಾಗ ಸಿಗುವುದಿಲ್ಲ’ ಎಂಬುದು ಎರಡನೆಯದು. ಇದರಲ್ಲಿ ನಿಜವಿದೆ. ಪದ್ಮಿನಿಯ ತಯಾರಿ ನಿಂತು ಕಾಲು ಶತಮಾನವಾಗುತ್ತ ಬಂತು. ಬಂಗಾಲದ ಉತ್ತರಪಾಡಾದ ಕಾರ್ಖಾನೆ ಅಂಬಾಸಿಡರಿನ ತಯಾರಿಯನ್ನು 2014ರಲ್ಲಿ ನಿಲ್ಲಿಸಿತು. ಆದರೆ ಬಿಡಿಭಾಗದ ಅಭಾವ ಇರುವುದರಿಂದಲೇ ಗಟ್ಟಿಯಾಗಿರುವ ಒಂದು ಬಾಗಿಲನ್ನು, ಒಂದು ಬಾನೆಟ್ಟನ್ನು ಕತ್ತರಿಸುವುದು ಹೆಚ್ಚಿನ ಅಪರಾಧವಾಗುತ್ತದೆ. ಸವೆದ ಬುಷ್ಷನ್ನು ಲೇತಿನಲ್ಲಿ ಕಡೆಸಿ ಹಾಕಬಲ್ಲ ಮೇಸ್ತ್ರಿಗಳು ನಮ್ಮ ಪೇಟೆಗಳಲ್ಲಿ ಇನ್ನೂ ಇದ್ದಾರೆ. ಇಲ್ಲದ ಭಾಗವನ್ನು ಇರುವಂತೆ ಮಾಡುವುದು ದುರಸ್ತಿ, ಇರುವ ಭಾಗವನ್ನು ಇಲ್ಲದಂತೆ ಮಾಡುವುದು ಷೋಕಿ. ಒಂದರ ನೆಪದಲ್ಲಿ ಇನ್ನೊಂದನ್ನು ಮಾಡಬಾರದು.

ಮೂರನೆಯ ವಾದವನ್ನು ಸಾಹಿತ್ಯ ಬಲ್ಲವರೇ ಹೂಡುತ್ತಾರೆ: ‘ಪಂಪ ವ್ಯಾಸಭಾರತವನ್ನು ಬದಲಿಸಲಿಲ್ಲವೇ? ಕುಂಬಳೆಯ ಪಾರ್ತಿಸುಬ್ಬ ರಾಮಾಯಣವನ್ನು ಯಕ್ಷಗಾನಕ್ಕೆ ಒಗ್ಗಿಸಲಿಲ್ಲವೇ? ಪ್ರತಿಭೆಯೆಂದರೆ ಬದಲಾವಣೆಯೇ ಅಲ್ಲವೇ?’ ಹೌದು. ಆದರೆ ಪಂಪ ತನ್ನ ಕಾವ್ಯವನ್ನು ಬರೆದುದು ಬೇರೆ ಗರಿಗಳ ಮೇಲೆ. ವ್ಯಾಸಭಾರತದ ಪ್ರತಿಯನ್ನು ಕೆರೆದು ಅದರ ಮೇಲೆ ಬರೆಯಲಿಲ್ಲ. ಪಾರ್ತಿಸುಬ್ಬನ ಪ್ರಸಂಗಗಳು ಹುಟ್ಟಿದ ಮೇಲೆಯೂ ಅವನಿಗಿಂತ ಹಿಂದಿನ ರಾಮಾಯಣಗಳು ಇದ್ದಲ್ಲಿಯೇ ಇದ್ದುವು. ನಮ್ಮ ತರುಣರಿಗೂ ಇದೇ ಮಾತು ಅನ್ವಯಿಸುತ್ತದೆ. ಹೊಸ ವಾಹನವೊಂದನ್ನು ಕಲ್ಪಿಸುವ ಕೈಚಳಕ ಇದ್ದರೆ ಕಾಯಿದೆ ಒಪ್ಪುವ ದಾರಿಯಲ್ಲಿ ಹೊಸ ಷಾಸಿಯ ಮೇಲೆ ಹೊಸದನ್ನೇ ಕಟ್ಟಲಿ. ನಾವೂ ಹೋಗಿ ನೋಡಿ ಮೆಚ್ಚುತ್ತೇವೆ. ಉಳಿದಿರುವ ಕೆಲವೇ ಪ್ರತಿಗಳಲ್ಲಿ ಒಂದನ್ನು ಕೆರೆದು ಅದರ ಮೇಲೆ ತಮ್ಮ ಹೆಸರು ಬರೆಯುವುದನ್ನು ಮಾತ್ರ ಪ್ರತಿಭೆಯೆಂದು ಕರೆಯಲು ನಾವು ಸಿದ್ಧರಿಲ್ಲ.

ನಾಲ್ಕನೆಯ ವಾದವೇ ಗಟ್ಟಿಯಾದುದು: ‘ಹಿರಿಯರೂ ಬದಲಿಸಿದ್ದರಲ್ಲ?’ ನಿಜವಾಗಿ ಬದಲಿಸಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಮದ್ರಾಸು ಪ್ರಾಂತದ ಬಸ್ಸುಗಳು ಇದ್ದಿಲಿನ ಅನಿಲದ ಒಲೆಗಳನ್ನು ಮೈಗೆ ಕಟ್ಟಿಕೊಂಡು ಓಡಿದುವು. ನಮ್ಮ ದಕ್ಷಿಣ ಕನ್ನಡ ಜಿಲ್ಲೆಯೂ ಆಗ ಆ ಪ್ರಾಂತದ ಭಾಗವೇ ಆಗಿತ್ತು. 1973ರ ಜಾಗತಿಕ ತೈಲ ಬಿಕ್ಕಟ್ಟಿನ ತರುವಾಯ ಪೆಟ್ರೋಲಿನ ಬೆಲೆ ಏರಿದಾಗ, ಗುಡ್ಡ ಹತ್ತಿಸುವ ಪೆಟ್ರೋಲ್ ಜೀಪನ್ನು ಸಾಕುವುದು ಸಣ್ಣ ಹಿಡುವಳಿದಾರನಿಗೆ ಅಸಾಧ್ಯವಾಯಿತು. ಆಗ ಗ್ಯಾರೇಜಿನ ಮೇಸ್ತ್ರಿಗಳು ಪೆಟ್ರೋಲ್ ಎಂಜಿನನ್ನು ಇಳಿಸಿ, ಆಧಾರದ ಪಟ್ಟಿಗಳನ್ನು ತಾವೇ ಬೆಸೆದು ಡೀಸೆಲ್ ಎಂಜಿನನ್ನು ಕೂರಿಸಿದರು. ಎಂಬತ್ತರ ದಶಕದಲ್ಲಿ ಕಾರ್ಖಾನೆಯೇ ಪ್ಯೂಜೋ ವಿನ್ಯಾಸದ ಡೀಸೆಲ್ ಎಂಜಿನಿನ ಜೀಪುಗಳನ್ನು ಊರೂರಿಗೆ ಕಳುಹಿಸಿತು. ಹಾಗಾದರೆ ಮೇಸ್ತ್ರಿ ಮಾಡಿದ್ದು ಸರಿ, ಮೊಮ್ಮಗ ಮಾಡುವುದು ತಪ್ಪು ಎನ್ನಲು ಆಧಾರವೇನು?

ಆಧಾರ ಇದೆ. ಮೇಸ್ತ್ರಿ ಎಂಜಿನ್ ಬದಲಿಸಿದ್ದು ಜೀಪು ಜೀಪಾಗಿಯೇ ಉಳಿಯಲೆಂದು. ಅದು ಮೊದಲಿನ ದಾರಿಯಲ್ಲಿ, ಮೊದಲಿನ ಹೊರೆಯನ್ನೇ ಹೊತ್ತು, ಮೊದಲಿನ ಜನರನ್ನೇ ಕೂರಿಸಿಕೊಂಡು ಮುಂದುವರಿಯಿತು. ಇಂದಿನ ಮಾರ್ಪಾಟಿನಲ್ಲಿ ವಾಹನ ತನ್ನ ಕೆಲಸವನ್ನೇ ಬಿಟ್ಟು ನೋಡುವವರಿಗಾಗಿ ನಿಲ್ಲುತ್ತದೆ. ಅಷ್ಟೇ ಅಲ್ಲ, ಮೇಸ್ತ್ರಿಯ ಕೆಲಸ ತನ್ನನ್ನು ಮರೆಮಾಚಲಿಲ್ಲ. ಬಾನೆಟ್ಟನ್ನು ಎತ್ತಿದರೆ ಬೆಸುಗೆಯ ಗೆರೆಯಲ್ಲಿಯೇ ಇಡೀ ಕಥೆ ಕಾಣುತ್ತದೆ: ಯಾವುದು ಮೊದಲಿನದು, ಯಾವುದು ಅನಂತರ ಬಂದದ್ದು, ಏಕೆ ಬಂದದ್ದು. ಬದಲಾವಣೆಯನ್ನೇ ನಾವು ವಿರೋಧಿಸುತ್ತಿಲ್ಲ. ಹಿಂದಿನದನ್ನು ಓದಲಾಗದಂತೆ ಅಳಿಸಿಹಾಕುವ ಬದಲಾವಣೆಯನ್ನು ವಿರೋಧಿಸುತ್ತೇವೆ.

ಇಲ್ಲಿಂದ ನಮ್ಮ ತಕರಾರು ಶುದ್ಧ ಮೂಲರೂಪದ ಭಕ್ತರ ಕಡೆಗೆ ತಿರುಗುತ್ತದೆ. ವಾಹನವು ಕಾರ್ಖಾನೆಯ ಬಾಗಿಲಿನಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೆಯೇ ಇರಬೇಕು, ಒಂದು ಮೊಳೆಯೂ ಬೇರೆಯಾಗಬಾರದು ಎಂಬುದು ಇವರ ಸಿದ್ಧಾಂತ. ಕೇಳಲು ಚಂದ. ಆದರೆ ಆ ಕಾರ್ಖಾನೆಯ ರೂಪವಾದರೂ ಯಾವ ಮೂಲದ್ದು? ಅಂಬಾಸಿಡರ್ ಎಂಬುದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಮೂರನೆಯ ಶ್ರೇಣಿಯ ರೂಪಾಂತರ. ಪದ್ಮಿನಿ ಇಟಲಿಯ ಫಿಯಟ್ 1100ರ ಕೂಸು. ಮಹೀಂದ್ರ ಜೀಪು ಅಮೆರಿಕದ ವಿಲ್ಲೀಸ್ ಜೀಪು. ನಮ್ಮ ರಸ್ತೆಯ ಕ್ರಮಕ್ಕಾಗಿ ಅದರ ಸ್ಟಿಯರಿಂಗ್ ಎಡದಿಂದ ಬಲಕ್ಕೆ ಬಂತು. ಮೂರೂ ಅನುವಾದಗಳೇ. ಅನುವಾದಗಳಾಗಿಯೇ ಅವು ನಮ್ಮವಾದುವು. ಕಾರ್ಖಾನೆಯ ಎಂಜಿನಿಯರು ಸ್ಟಿಯರಿಂಗನ್ನು ಬಲಕ್ಕೆ ತಂದರೆ ಮೂಲರೂಪ, ಗ್ಯಾರೇಜಿನ ಮೇಸ್ತ್ರಿ ಡೀಸೆಲ್ ಎಂಜಿನ್ ಇರಿಸಿದರೆ ಅಪಚಾರ ಎಂದರೆ, ಅಲ್ಲಿ ಕೆಲಸ ಮಾಡುತ್ತಿರುವುದು ಇತಿಹಾಸಪ್ರಜ್ಞೆಯಲ್ಲ, ದೊಡ್ಡವರ ಕೈಗೆ ನಮಸ್ಕರಿಸಿ ಸಣ್ಣವರ ಕೈಯನ್ನು ಕಡೆಗಣಿಸುವ ಹಳೆಯ ಚಾಳಿ.

ನಾವು ಕಂಡ ಒಂದು ನಿದರ್ಶನವನ್ನು ಹೇಳಬೇಕು. ಪರಿಚಿತರೊಬ್ಬರ ಅಡಿಕೆ ತೋಟದ ಮನೆಯಲ್ಲಿ ಹೀಗೆ ಡೀಸೆಲಿಗೆ ಬದಲಾದ ಒಂದು ಜೀಪಿತ್ತು. ಹಿಂಬದಿಯ ತಗಡು ಮೂಟೆಗಳ ತಿಕ್ಕಾಟದಿಂದ ಮಿರುಗುತ್ತಿತ್ತು. ಹುಡ್ಡಿನ ಕಂಬಿಯಲ್ಲಿ ಹಗ್ಗ ತಿಂದ ಗೀರುಗಳಿದ್ದುವು. ಚಾಲಕನ ಬದಿಯ ಅಂಚು, ಮೂವತ್ತು ವರ್ಷ ಒಬ್ಬನೇ ಮನುಷ್ಯ ಕೈಯೂರಿ ಹತ್ತಿದ್ದರಿಂದ, ಬಣ್ಣ ಕಳೆದು ನುಣುಪಾಗಿತ್ತು. ಅದನ್ನು ಕೊಂಡವರೊಬ್ಬರು ಬಹಳ ಶ್ರದ್ಧೆಯಿಂದ, ಬಹಳ ಖರ್ಚಿನಿಂದ ‘ಮೂಲರೂಪಕ್ಕೆ’ ತಂದರು. ಎಲ್ಲಿಂದಲೋ ಪೆಟ್ರೋಲ್ ಎಂಜಿನ್ ಬಂತು, ತಗಡು ಬದಲಾಯಿತು, ಅಂಚಿಗೆ ಹೊಸ ಬಣ್ಣ ಬಿತ್ತು. ಅದನ್ನು ಓಡಿಸುತ್ತಿದ್ದ ಹಿರಿಯರು ಒಮ್ಮೆ ಅದನ್ನು ನೋಡಲು ಹೋದರು. ಸುತ್ತು ಬಂದು ‘ಒಳ್ಳೆದಾಯಿದು, ಆದರೆ ಇದು ನಮ್ಮ ಜೀಪು ಅಲ್ಲ’ ಎಂದಷ್ಟೇ ಹೇಳಿ ಹೊರಟರು. ಅವರ ಮಾತಿಗೆ ಉತ್ತರ ಕೊಡುವ ಶುದ್ಧ ಮೂಲವಾದಿಯನ್ನು ನಾವು ಇನ್ನೂ ಕಂಡಿಲ್ಲ.

ನಮ್ಮ ಬೇಕಲ ಕೋಟೆಯನ್ನು ನೆನೆಯೋಣ. ಇಕ್ಕೇರಿಯ ಶಿವಪ್ಪನಾಯಕನ ಹೆಸರಿನೊಡನೆ ಬೆಸೆದಿರುವ ಆ ಕೋಟೆ ಮುಂದೆ ಹೈದರ್, ಟಿಪ್ಪು, ಇಂಗ್ಲಿಷರ ಕೈಗಳನ್ನು ದಾಟಿ ಬಂತು. ಇಕ್ಕೇರಿಯ ಕಾಲದ ಕಲ್ಲುಗಳನ್ನು ಮಾತ್ರ ಉಳಿಸಿ ಮಿಕ್ಕುದನ್ನೆಲ್ಲ ಕೆಡವಿದರೆ ಮೂಲರೂಪ ದಕ್ಕುತ್ತದೆ ಎಂದು ಯಾರಾದರೂ ಹೊರಟರೆ ನಾವು ಸುಮ್ಮನಿರುತ್ತೇವೆಯೇ? ಸ್ಮಾರಕಗಳ ಸಂರಕ್ಷಣೆಗಾಗಿ 1964ರಲ್ಲಿ ರೂಪುಗೊಂಡ ವೆನಿಸ್ ಸನ್ನದು ಈ ಮಾತನ್ನು ಇತ್ಯರ್ಥಪಡಿಸಿದೆ: ಕಟ್ಟಡಕ್ಕೆ ಪ್ರತಿ ಕಾಲವೂ ಸಲ್ಲಿಸಿದ ಯೋಗ್ಯ ಕೊಡುಗೆಯನ್ನು ಗೌರವಿಸಬೇಕು, ಏಕಶೈಲಿಯನ್ನು ಸಾಧಿಸುವುದು ಜೀರ್ಣೋದ್ಧಾರದ ಗುರಿಯಲ್ಲ. ಹಳೆಯ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟವಾದ ಫೀವಾ ಇದೇ ಸನ್ನದನ್ನು ಮಾದರಿಯಾಗಿರಿಸಿಕೊಂಡು ಟ್ಯೂರಿನ್ ಸನ್ನದನ್ನು ರಚಿಸಿತು. ಕೋಟೆಗೆ ಸಲ್ಲುವ ನ್ಯಾಯ ಜೀಪಿಗೆ ಸಲ್ಲಬಾರದೇ?

ನಮ್ಮ ಸರಕಾರದ ನಿಯಮ ಈ ವಿವೇಕವನ್ನು ಅರ್ಧ ಮಾತ್ರ ತೋರಿಸಿದೆ. ಕೇಂದ್ರ ಸರಕಾರವು 2021ರ ಜುಲೈಯಲ್ಲಿ ಪಾರಂಪರಿಕ ವಾಹನಗಳಿಗೆ ಪ್ರತ್ಯೇಕ ನೋಂದಣಿಯ ನಿಯಮವನ್ನು ತಂದಿತು. ಮೊದಲ ನೋಂದಣಿಯಿಂದ 50 ವರ್ಷ ಮೀರಿದ ದ್ವಿಚಕ್ರ, ಚತುಶ್ಚಕ್ರ ವಾಹನಗಳು ಮೂಲರೂಪದಲ್ಲಿ ಉಳಿದಿದ್ದರೆ, ಷಾಸಿ, ಮೈ, ಎಂಜಿನುಗಳಲ್ಲಿ ಗಣನೀಯ ಮಾರ್ಪಾಟು ಆಗದಿದ್ದರೆ ಈ ಮನ್ನಣೆಗೆ ಅರ್ಹ. ಹೊಸದಾಗಿ ನೋಂದಣಿಯಾಗುವ ವಾಹನಕ್ಕೆ ‘ವಿಎ’ ಎಂಬ ಅಕ್ಷರಗಳ ಸಂಖ್ಯೆ, 20,000 ರೂಪಾಯಿ ಶುಲ್ಕ, 10 ವರ್ಷಗಳ ಅವಧಿ. ಮೊದಲೇ ನೋಂದಣಿಯಾದುದಕ್ಕೆ ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳುವ ಅವಕಾಶ. ಷೋಕಿಯ ಕತ್ತರಿಗೆ ಇದು ತಡೆಯಾಗುವುದರಿಂದ ನಾವು ಇದನ್ನು ಸ್ವಾಗತಿಸುತ್ತೇವೆ. ಆದರೆ ಇದೇ ನಿಯಮದ ಮುಂದೆ ಡೀಸೆಲಿಗೆ ಬದಲಾದ ನಮ್ಮ ಗುಡ್ಡದ ಜೀಪು ನಿಂತರೆ ಅದಕ್ಕೆ ಪ್ರವೇಶವಿಲ್ಲ. ಶ್ರೀಮಂತನ ಶೆಡ್ಡಿನಲ್ಲಿ ಓಡದೆ ನಿಂತ ವಾಹನ ಪರಂಪರೆಯಾಗುತ್ತದೆ. ಊರಿಗಾಗಿ ದುಡಿದು ಎಂಜಿನ್ ಸವೆಸಿಕೊಂಡದ್ದು ಗುಜರಿಯಾಗುತ್ತದೆ. ಹಳೆಯ ಸಂಖ್ಯೆಯ ಹಲಗೆಗೆ ಇರುವ ಗೌರವ ಹಳೆಯ ದುಡಿಮೆಗೆ ಇಲ್ಲ.

ಈ ಇಕ್ಕಟ್ಟಿಗೆ ಪರಿಹಾರ ನಮ್ಮದೇ ಮನೆಯಲ್ಲಿದೆ. ಗ್ರಂಥಸಂಪಾದನೆಯ ಶಾಸ್ತ್ರವನ್ನು ಕನ್ನಡಕ್ಕೆ ಕ್ರಮಬದ್ಧವಾಗಿ ತಿಳಿಸಿಕೊಟ್ಟ ಡಿ. ಎಲ್. ನರಸಿಂಹಾಚಾರ್ಯರಂಥ ವಿದ್ವಾಂಸರು ಹಾಕಿಕೊಟ್ಟ ದಾರಿ ಯಾವುದು? ಸಂಪಾದಕನು ಪ್ರತಿಯಲ್ಲಿ ಕಂಡುದನ್ನು ಮುಚ್ಚಿಡಬಾರದು. ತನಗೆ ಸರಿಕಂಡ ಪಾಠವನ್ನು ಮೇಲಿಟ್ಟರೂ ಬಿಟ್ಟ ಪಾಠಾಂತರವನ್ನು ಅಡಿಯಲ್ಲಿ ಕೊಡಬೇಕು. ತಾನು ಸೇರಿಸಿದುದನ್ನು ತನ್ನದೆಂದು ಗುರುತಿಸಬೇಕು. ಲಿಪಿಕಾರನ ಕೈ ತಿದ್ದಿದ್ದರೆ ಆ ತಿದ್ದುಪಡಿಯೂ ಪ್ರತಿಯ ಇತಿಹಾಸವೇ. ಹಳೆಯ ವಾಹನದ ಒಡೆಯನು ಹೊಸ ಮಾಲಿಕನಂತೆ ವರ್ತಿಸದೆ ಇಂಥ ಸಂಪಾದಕನಂತೆ ವರ್ತಿಸಲಿ ಎಂಬುದು ನಮ್ಮ ವಾದದ ಸಾರ.

ಇದನ್ನು ಆಚರಣೆಗೆ ತರುವುದು ಕಷ್ಟವಲ್ಲ. ವಾಹನಕ್ಕೊಂದು ಪುಸ್ತಕವಿರಲಿ; ಯಾವ ಭಾಗ ಯಾವಾಗ, ಯಾರ ಕೈಯಲ್ಲಿ, ಏಕೆ ಬದಲಾಯಿತೆಂದು ಬರೆದಿಡಲಿ. ಬಿಚ್ಚಿದ ಮೂಲ ಭಾಗ ಗುಜರಿಗೆ ಹೋಗದೆ ಅಟ್ಟದ ಮೇಲೆ ಉಳಿಯಲಿ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಉಪ್ಪುಗಾಳಿ ಬೀಸುವ ಈ ಕರಾವಳಿಯಲ್ಲಿ ತುಕ್ಕು ಹಿಡಿದ ತಗಡನ್ನು ಬದಲಿಸದೆ ಗತಿಯಿಲ್ಲ. ಬದಲಿಸಲಿ, ಆದರೆ ಕೊಳೆತಷ್ಟನ್ನು ಮಾತ್ರ. ಆರು ಪಥದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹಳೆಯ ಕಾಲದ ದೀಪ, ಹಳೆಯ ಬ್ರೇಕುಗಳೊಡನೆ ಹೋಗುವುದು ಅಪಾಯವೆಂದು ತೋರಿದರೆ ಕಾಯಿದೆ ಒಪ್ಪುವಷ್ಟು ಸುಧಾರಣೆ ಮಾಡಿಸಲಿ. ಕೊರೆಯದೆ, ಬೋಲ್ಟು ಬಿಚ್ಚಿದರೆ ಮೊದಲಿನಂತಾಗುವ ಹಾಗೆ ಮಾಡಿಸಲಿ. ಮೊಮ್ಮಗನು ಹಿಂತೆಗೆಯಲಾಗದ ಕೆಲಸವನ್ನು ಅಜ್ಜ ಮಾಡಬಾರದು, ಅಜ್ಜನ ಗುರುತು ಅಳಿಯುವ ಕೆಲಸವನ್ನು ಮೊಮ್ಮಗ ಮಾಡಬಾರದು.

ಸರಕಾರಕ್ಕೆ ನಮ್ಮ ಬೇಡಿಕೆ ಒಂದೇ. ಬದುಕಿನ ಅಗತ್ಯಕ್ಕಾಗಿ ಬಹುಕಾಲದ ಹಿಂದೆ ನಡೆದು, ನೋಂದಣಿ ಪತ್ರದಲ್ಲಿ ದಾಖಲಾದ ಬದಲಾವಣೆಯನ್ನು ವಾಹನದ ಇತಿಹಾಸದ ಭಾಗವೆಂದು ಒಪ್ಪಿ, ಅಂಥ ವಾಹನಗಳಿಗೂ ಪಾರಂಪರಿಕ ಮನ್ನಣೆ ಕೊಡಬೇಕು. ಇಂದು ನಡೆಯುವ ಕತ್ತರಿಕೆಗೆ ಈ ರಿಯಾಯಿತಿ ಬೇಡ.

ಕನ್ನಡ ಸಂಘಗಳಿಗೂ ಒಂದು ಮಾತಿದೆ. ಓಲೆಗರಿ ಹುಡುಕಿಕೊಂಡು ಮನೆಮನೆಗೆ ಹೋಗುವ ನಮ್ಮ ಕಾರ್ಯಕರ್ತರು ಅದೇ ಮನೆಯ ಶೆಡ್ಡಿನೊಳಗೂ ಒಮ್ಮೆ ಇಣುಕಲಿ. ವಾಹನದ ಚಿತ್ರ ತೆಗೆದು, ಅದರ ಪತ್ರಗಳ ಪ್ರತಿ ಮಾಡಿಸಿ, ಓಡಿಸಿದವರ ಬಾಯಿಯಿಂದ ಕಥೆ ಕೇಳಿ ಬರೆದಿಡಲಿ. ಸರ್ವೀಸ್ ಜೀಪಿನ ಚಾಲಕರು, ಟಿಂಕರಿಂಗಿನವರು, ಲೇತಿನ ಕೆಲಸದವರು ಕನ್ನಡ, ತುಳು, ಮಲಯಾಳ, ಬ್ಯಾರಿಗಳನ್ನು ಬೆರೆಸಿ ಕಟ್ಟಿಕೊಂಡ ಕಸುಬಿನ ಮಾತುಗಳು ಬರೆದಿಡದಿದ್ದರೆ ಆ ತಲೆಮಾರಿನೊಡನೆಯೇ ಹೋಗಿಬಿಡುತ್ತವೆ. ಅವರಿಗೆ ವಯಸ್ಸಾಗಿದೆ, ಕೇಳುವುದಿದ್ದರೆ ಈಗಲೇ ಕೇಳಬೇಕು.

ಕೊನೆಗೊಂದು ಆತ್ಮವಿಮರ್ಶೆ. 1956ರ ನವೆಂಬರ್ 1ರಂದು ನಮ್ಮ ನೆಲದ ಆಡಳಿತ ಬದಲಾಯಿತು. ವಾಹನಗಳ ಮದ್ರಾಸಿನ ಹಲಗೆ ಹೋಗಿ ಕೇರಳದ ಹಲಗೆ ಬಂತು, ಮುಂದೆ ಅದು ಕೆಎಲ್ 14 ಆಯಿತು. ಹಲಗೆ ಬದಲಾದರೂ ಜೀಪು ಅದೇ ದಾರಿಯಲ್ಲಿ ಓಡುತ್ತಿತ್ತು. ನಾವು ಆಡುವ ಕನ್ನಡವೂ ಹಾಗೆಯೇ. ಅದು ಬೇರೆಲ್ಲಿಯೋ ಅಚ್ಚಾಗಿ ಇಲ್ಲಿಗೆ ಬಂದ ಸರಕಲ್ಲ. ನೆರೆಯ ನುಡಿಗಳೊಡನೆ ತಿಕ್ಕಾಡಿ, ಅಗತ್ಯ ಬಿದ್ದಲ್ಲಿ ಬೆಸುಗೆ ಹಾಕಿಕೊಂಡು ಬಂದ ಭಾಷೆ. ಅದರ ಬೆಸುಗೆಗಳನ್ನು ಕೆರೆದು ‘ಶುದ್ಧ’ ಮಾಡಲು ಬರುವವರನ್ನು ನಾವು ಒಪ್ಪುವುದಿಲ್ಲ, ಅದನ್ನು ಕತ್ತರಿಸಿ ಬೇರೆ ಮಾಡಲು ಬರುವವರನ್ನೂ ಒಪ್ಪುವುದಿಲ್ಲ. ನಮ್ಮ ನುಡಿಗೆ ನಾವು ಕೇಳುವ ಈ ನ್ಯಾಯವನ್ನು ಶೆಡ್ಡಿನ ಮೂಲೆಯಲ್ಲಿ ನಿಂತ ಆ ಹಳೆಯ ಜೀಪಿಗೂ ಕೊಡೋಣ. ಈ ಸಮ್ಮೇಳನ ಮುಗಿಸಿ ಮನೆಗೆ ಹೋದವರು ಗ್ಯಾರೇಜಿಗೆ ಫೋನು ಮಾಡುವ ಮೊದಲು ಬಾನೆಟ್ಟನ್ನು ಎತ್ತಿ, ಒಳಗೆ ಯಾರ ಕೈಬರಹ ಇದೆಯೆಂದು ಒಮ್ಮೆ ನೋಡಲಿ.